ಮಕ್ಕಳ ಮಂಡಿ ನೋವು: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂತೆಂದರೆ ಮೆಡಿಕಲ್ ಶಾಪ್‌ಗಳಲ್ಲಿ 'ಹುಡುಗನಿಗೆ ಮಂಡಿ ನೋವು, ಒಂದು ಮಾತ್ರೆ ಕೊಡಿ' ಅಂತ ಕೇಳುವವರು ಬರ್ತಾರೆ. ಬಿದ್ದು ಎರಡು ದಿನ ನೋಯೋದು ಬೇರೆ. ವಾರಗಟ್ಟಲೆ ಕಾಡುವ ನೋವನ್ನು 'ಬೆಳೆಯೋ ಮಕ್ಕಳಿಗೆ ಇದೆಲ್ಲ ಮಾಮೂಲಿ' ಅಂತ ತಳ್ಳಿಹಾಕೋದು ಬೇರೆ.

ಬೆಳವಣಿಗೆ ನೋವು ಅನ್ನೋದು ಇದೆ, ಸುಳ್ಳಲ್ಲ. ಹೆಚ್ಚಾಗಿ 3ರಿಂದ 12 ವರ್ಷದ ಮಕ್ಕಳಲ್ಲಿ ಸಂಜೆ ಇಲ್ಲವೇ ರಾತ್ರಿ ಎರಡೂ ಕಾಲು ನೋಯುತ್ತವೆ. ಮೀನಖಂಡ, ತೊಡೆ, ಮಂಡಿಯ ಹಿಂಭಾಗ ಹಿಡಿದು ಮಗು ಅಳುತ್ತೆ. ಕಾಲು ಒತ್ತಿದರೆ ಮಲಗುತ್ತೆ, ಬೆಳಗ್ಗೆ ಏನೂ ಆಗಿಲ್ಲವೆಂಬಂತೆ ಓಡಾಡುತ್ತೆ. ಊತ ಇರಲ್ಲ, ಕುಂಟೋದೂ ಇಲ್ಲ. ಇದಕ್ಕೆ ಕಾಲು ನೀವೋದು, ಬಿಸಿ ಶಾಖ ಸಾಕು. ಆದರೆ ಯಾವಾಗಲೂ ಒಂದೇ ಕಾಲು ನೋಯುತ್ತಿದ್ದರೆ, ಬೆಳಗ್ಗೆಯೂ ಕುಂಟುತ್ತಿದ್ದರೆ ಅದಕ್ಕೆ ಈ ಹೆಸರು ಕೊಡಬಾರದು.

ಕಬಡ್ಡಿ, ಖೋಖೋ, ಓಟ ಅಂತ ಮೈದಾನದಲ್ಲೇ ಇರುವ 10ರಿಂದ 15 ವರ್ಷದವರದ್ದು ಇನ್ನೊಂದು ಕಥೆ. ಮಂಡಿಚಿಪ್ಪಿನ ಸ್ವಲ್ಪ ಕೆಳಗೆ ಮೂಳೆ ಉಬ್ಬಿ, ಮುಟ್ಟಿದರೆ ನೋಯುತ್ತೆ. ಮಂಡಿಯೂರಿ ಕೂರೋಕೆ ಆಗಲ್ಲ. ಇದಕ್ಕೆ ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ. ತೊಡೆಯ ಸ್ನಾಯು ಇನ್ನೂ ಬಲಿಯದ ಮೂಳೆಯನ್ನು ಪದೇ ಪದೇ ಎಳೆಯೋದೇ ಕಾರಣ. ಗಂಟು ನೋಡಿ ಗಾಬರಿಯಾಗಿ ಪಟ್ಟು ಹಾಕಿಸೋದು, ಜೋರಾಗಿ ತಿಕ್ಕಿಸೋದು ಬೇಡ. ನೆಗೆಯುವ, ಓಡುವ ಆಟ ಕೆಲವು ವಾರ ಕಡಿಮೆ ಮಾಡಬೇಕು. ಆಡಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಡಬಹುದು. ತೊಡೆಯ ಮುಂದಿನ, ಹಿಂದಿನ ಸ್ನಾಯು ಎಳೆದು ಸಡಿಲಿಸುವ ವ್ಯಾಯಾಮ ಕಲಿತರೆ ಇನ್ನೂ ಒಳ್ಳೆಯದು. ಆಟ ಪೂರ್ತಿ ನಿಲ್ಲಿಸಬೇಕಾಗಿ ಬರೋದು ಕಡಿಮೆ. ಬೆಳವಣಿಗೆ ನಿಂತಾಗ ನೋವೂ ಸಾಮಾನ್ಯವಾಗಿ ಹೋಗುತ್ತೆ, ಗಂಟು ಮಾತ್ರ ಉಳಿಯಬಹುದು.

ಹೆಚ್ಚು ಮೋಸ ಹೋಗೋದು ಇಲ್ಲಿ: ನೋವು ಮಂಡಿಯಲ್ಲಿ, ಕಾಯಿಲೆ ಸೊಂಟದ ಕೀಲಲ್ಲಿ. ಎರಡೂ ಕಡೆಗೆ ಹೋಗುವ ನರ ಒಂದೇ ಆದ್ದರಿಂದ ಮಗು ಮಂಡಿಯನ್ನೇ ತೋರಿಸುತ್ತೆ. 4ರಿಂದ 8 ವರ್ಷದವರಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಬರುವ ಪರ್ತಿಸ್ ಕಾಯಿಲೆ ಇರಬಹುದು. ಹರೆಯಕ್ಕೆ ಕಾಲಿಡುವ, ತೂಕ ಜಾಸ್ತಿ ಇರುವ ಮಕ್ಕಳಲ್ಲಿ ತೊಡೆಮೂಳೆಯ ತಲೆ ಜಾರಿರಬಹುದು. ಜಾರಿದ್ದರೆ ಮಗುವನ್ನು ನಡೆಸದೆ ಆಸ್ಪತ್ರೆಗೆ ಒಯ್ಯಬೇಕು, ಆಪರೇಷನ್ ಬೇಕಾಗುತ್ತೆ. ತಡ ಮಾಡಿದರೆ ಕೀಲು ಜೀವನಪೂರ್ತಿ ತೊಂದರೆ ಕೊಡಬಹುದು. ಮಂಡಿಯ ಎಕ್ಸ್‌ರೇ ಸರಿಯಾಗಿದ್ದೂ ಮಗು ಕುಂಟುತ್ತಿದ್ದರೆ 'ಸೊಂಟವನ್ನೂ ಒಂದ್ಸಲ ನೋಡಿ ಸಾರ್' ಅಂತ ಕೇಳೋದರಲ್ಲಿ ತಪ್ಪೇನಿಲ್ಲ.

ಮಂಡಿ ಆರು ವಾರ ದಾಟಿದರೂ ಊದಿಕೊಂಡೇ ಇದ್ದರೆ, ಬೆಳಗ್ಗೆ ಎದ್ದಾಗ ಬಿಗಿದಿದ್ದರೆ ಅದು ಮಕ್ಕಳ ಸಂಧಿವಾತವಿರಬಹುದು. ಹೌದು, ಸಂಧಿವಾತ ಅಜ್ಜ-ಅಜ್ಜಿಯರದ್ದು ಮಾತ್ರ ಅಲ್ಲ. ಚಿಕ್ಕ ಮಗು ನೋವು ಅನ್ನದೆ 'ಎತ್ಕೋ' ಅನ್ನಬಹುದು, ಅಷ್ಟೇ. ಈ ಕಾಯಿಲೆಯಲ್ಲಿ ಕಣ್ಣು ಕೆಂಪಾಗದೆಯೇ ಒಳಗೊಳಗೇ ಉರಿಯೂತ ಬಂದು ದೃಷ್ಟಿ ಹೋಗಬಹುದಾದ್ದರಿಂದ ಕಣ್ಣಿನ ಪರೀಕ್ಷೆಯೂ ಬೇಕು. ಒಂದೇ ಮಂಡಿ ನಿಧಾನವಾಗಿ ಊದಿ ಮಗು ಸೊರಗುತ್ತಿದ್ದರೆ ಕೀಲಿನ ಕ್ಷಯವನ್ನೂ ಪರೀಕ್ಷಿಸಬೇಕಾಗುತ್ತೆ.

ಜ್ವರದ ಜೊತೆ ಮಂಡಿ ಬಿಸಿಯಾಗಿ ಊದಿ, ಮಗು ಕಾಲೂರಲು ಒಪ್ಪದಿದ್ದರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು. ಕೀಲಿನಲ್ಲಿ ಕೀವಾದರೆ ಕೆಲವೇ ದಿನಗಳಲ್ಲಿ ಹಾಳಾಗುತ್ತೆ. ರಾತ್ರಿ ನಿದ್ದೆಗೆಡಿಸುವ ಮೂಳೆ ನೋವಿನ ಜೊತೆ ಮುಖ ಬಿಳಿಚಿಕೊಂಡು, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಬಂದರೆ ರಕ್ತ ಪರೀಕ್ಷೆ ತಡ ಮಾಡಬಾರದು. ರಕ್ತದ ಕ್ಯಾನ್ಸರ್ ಕೆಲವೊಮ್ಮೆ ಹೀಗೇ ಶುರುವಾಗುತ್ತೆ. ಏನೆಂದು ಗೊತ್ತಾಗುವ ಮೊದಲೇ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ಕೊಡಿಸಿದರೆ ಲಕ್ಷಣ ಮುಚ್ಚಿಹೋಗಿ ಕಾಯಿಲೆ ಪತ್ತೆಯಾಗೋದೇ ಕಷ್ಟ. ದೊಡ್ಡವರ ನೋವಿನ ಮಾತ್ರೆಯನ್ನು ಅರ್ಧ ಮುರಿದು ಕೊಡೋದೂ ಬೇಡ, ಮಕ್ಕಳಿಗೆ ಡೋಸ್ ತೂಕದ ಮೇಲೆ ಲೆಕ್ಕ.

ವೈದ್ಯರ ಹತ್ತಿರ ಹೋಗುವಾಗ ಯಾವ ಕಾಲು, ಯಾವ ಹೊತ್ತು, ಎಷ್ಟು ದಿನದಿಂದ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅನುಕೂಲ. ಮಗು ಕುಂಟುವುದನ್ನು ಮೊಬೈಲಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಹೆದರಿಕೆಗೆ ಎಷ್ಟೋ ಮಕ್ಕಳು ನೆಟ್ಟಗೆ ನಡೆದುಬಿಡ್ತಾರೆ.