ಏಕಾಕಿಯ ಭಯ

ಬೃಹದಾರಣ್ಯಕೋಪನಿಷತ್ತಿನ ಪ್ರಥಮಾಧ್ಯಾಯದ ಚತುರ್ಥ ಬ್ರಾಹ್ಮಣದಲ್ಲಿ ಸೃಷ್ಟಿಯ ಕಥೆ ಮೊದಲಾಗುವುದು ಜಲದಿಂದಲ್ಲ, ಅಂಡದಿಂದಲ್ಲ; ಪುರುಷಾಕಾರನಾಗಿ ಒಬ್ಬನೇ ಇದ್ದ ಆತ್ಮನು ಸುತ್ತ ನೋಡಿ, ತನ್ನನ್ನಲ್ಲದೆ ಮತ್ತೊಂದನ್ನು ಕಾಣದೆ, ತನ್ನ ಇರವನ್ನು ತಾನೇ ಅರಿತು, ಅರಿತ ಬೆನ್ನಲ್ಲೇ ಅಂಜಿದನೆಂಬ ಮಾತಿನಿಂದ. ಅನ್ಯವೇ ಇಲ್ಲದಿರುವಾಗ ಅಂಜಿಕೆ ಯಾರದೆಂದು ವಿಚಾರಿಸಲಾಗಿ ಭಯವೇನೋ ತೊಲಗಿತು. ಸಂತೋಷ ಮಾತ್ರ ಬರಲಿಲ್ಲ. ಆದುದರಿಂದಲೇ ಅವನು ಎರಡನೆಯದನ್ನು ಬಯಸಿ, ತನ್ನನ್ನು ಸ್ತ್ರೀಪುರುಷರಾಗಿ ಇಬ್ಭಾಗಿಸಿಕೊಂಡನು. ಅವಳು ಗೋವಾಗಿ ಮರೆಯಾದರೆ ಇವನು ವೃಷಭನಾದನು, ಹೀಗೆ ಇರುವೆಯ ಪರ್ಯಂತ ಜೀವಕೋಟಿ ಹುಟ್ಟಿತು.

ಇಂಥ ಕಥೆಗಳಲ್ಲಿ ಮನಸ್ಸಿನ ಚರಿತ್ರೆಯನ್ನು ಕಾಣುವ ಪರಿಪಾಠ ಯೂರೋಪಿನ ವೈದ್ಯರಿಂದ ಬಂದಿತೆಂಬುದು ರೂಢಿಯ ಮಾತಾದರೂ, ಒಂಟಿಯಾದವನು ಇಂದಿಗೂ ಅಂಜುವನೆಂದು ಉಪನಿಷತ್ತೇ ಲೋಕಾನುಭವವನ್ನು ಸಾಕ್ಷಿಗೆ ಕರೆದಿದೆ. ಶಂಕರರಂತೂ ತಮ್ಮ ಭಾಷ್ಯದಲ್ಲಿ, ಭಯವೂ ಅರತಿಯೂ, ಎಂದರೆ ಸಂತೋಷವಿಲ್ಲದಿರುವುದೂ, ನಮಗಿರುವಂತೆ ಈ ಆದಿಪುರುಷನಾದ ಪ್ರಜಾಪತಿಗೂ ಇದ್ದುದರಿಂದ ಅವನೂ ಸಂಸಾರದೊಳಗಿನವನೇ ಎಂದು ಯಾವ ಸಂಕೋಚವೂ ಇಲ್ಲದೆ ನಿರ್ಣಯಿಸಿದರು.

1920ರಲ್ಲಿ ಪ್ರಕಟವಾದ 'ಸುಖತತ್ತ್ವದ ಆಚೆಗೆ' ಎಂಬ ಗ್ರಂಥದಲ್ಲಿ ಫ್ರಾಯ್ಡರು, ಸಹಜಪ್ರವೃತ್ತಿಗಳೆಲ್ಲ ಹಿಂದಣ ಸ್ಥಿತಿಗೆ ಮರಳಲು ಹವಣಿಸುವುವೆಂಬ ತಮ್ಮ ಊಹೆಗೆ ಬೆಂಬಲವನ್ನರಸುತ್ತ, ಪ್ಲೇಟೋವಿನ 'ಸಿಂಪೋಸಿಯಂ'ನಲ್ಲಿ ಅರಿಸ್ಟಾಫೇನಿಸನು ಹೇಳುವ ಇಬ್ಭಾಗವಾದ ಮಾನವರ ಕಥೆಯನ್ನು ಸ್ಮರಿಸಿ, ವಿಯೆನ್ನಾದ ಪ್ರಾಧ್ಯಾಪಕ ಹೈನ್ರಿಖ್ ಗೊಂಪರ್ಟ್ಸರಿಗೆ ಕೃತಜ್ಞತೆಯನ್ನರ್ಪಿಸಿ, ಅಡಿಟಿಪ್ಪಣಿಯಲ್ಲಿ ಈ ಬ್ರಾಹ್ಮಣದ ಭಾಗವನ್ನೂ ಉದ್ಧರಿಸಿದರು. ಆದರೆ ಅವರು ಎತ್ತಿಕೊಂಡುದು ಸಂತೋಷ ಬರಲಿಲ್ಲವೆಂಬಲ್ಲಿಂದ ಈಚಿನ ಭಾಗವನ್ನು. ಬಯಕೆಗೆ ಮುನ್ನ ಭಯವಿದ್ದಿತೆಂಬ, ಆ ಭಯ ವಿಚಾರದಿಂದ ಹೋಯಿತೆಂಬ ಅಂಶ ಹೊರಗೇ ಉಳಿಯಿತು. ಕಥೆಯ ಜೀವಾಳ ಅಲ್ಲಿಯೇ ಇದೆಯೆಂದು ನನ್ನ ಎಣಿಕೆ. 1921ರಲ್ಲಿ ಮನೋವೈದ್ಯ ಯೂಂಗರು, ಇಂಥ ಬೇರೆ ಸೃಷ್ಟಿಕಥೆಗಳಲ್ಲಿ ಬರುವ ಸೃಷ್ಟಿಕರ್ತನ ತಪಸ್ಸನ್ನು ಚಿತ್ತಶಕ್ತಿಯು ಅಂತರ್ಮುಖವಾಗಿ ತನಗೆ ತಾನೇ ಕಾವು ಕೊಟ್ಟುಕೊಳ್ಳುವ ವ್ಯಾಪಾರವೆಂದು ವ್ಯಾಖ್ಯಾನಿಸಿದರು.

1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದ ಗಿರೀಂದ್ರಶೇಖರ ಬೋಸರು, ತಮ್ಮ ಭಾರತೀಯ ರೋಗಿಗಳಾದ ಪುರುಷರಲ್ಲಿ ಸ್ತ್ರೀಯಾಗುವ ಇಚ್ಛೆ ಯೂರೋಪಿನವರಲ್ಲಿರುವುದಕ್ಕಿಂತ ಸುಲಭವಾಗಿ ಗೋಚರಿಸುವುದೆಂದು 1929ರಲ್ಲಿ ಫ್ರಾಯ್ಡರಿಗೆ ಬರೆದರು. ಸ್ತ್ರೀಪುರುಷರಿಬ್ಬರನ್ನೂ ತನ್ನೊಳಗೆ ಧರಿಸಿದ್ದ ಪ್ರಜಾಪತಿಯನ್ನು ಅವರು ಇಲ್ಲಿ ನೆನೆಯಬಹುದಾಗಿತ್ತು. ವಿಚಿತ್ರವೆಂದರೆ, ಬಂಗಾಳಿಯಲ್ಲಿ 'ಪುರಾಣಪ್ರವೇಶ'ವನ್ನು ಬರೆಯುವಾಗ ಈ ಮನೋವೈದ್ಯರು ಪುರಾಣಗಳಲ್ಲಿ ಮುಖ್ಯವಾಗಿ ಹುಡುಕಿದ್ದು ರಾಜವಂಶಗಳ ಕಾಲಗಣನೆಯನ್ನು.