ಕಾವೂ ತೇವವೂ: ಕೃತಕವಾಗಿ ಮರಿಮಾಡಿಸುವ ಕಲೆಯ ಇತಿಹಾಸದಲ್ಲಿ ಒಂದು ಪ್ರಶ್ನೆ

ಕೋಳಿಯ ನೆರವಿಲ್ಲದೆ ಮೊಟ್ಟೆಯಿಂದ ಮರಿಮಾಡಿಸುವ ಕಲೆಯ ಇತಿಹಾಸವನ್ನು ಸಾಮಾನ್ಯವಾಗಿ ಶಾಖದ ಇತಿಹಾಸವಾಗಿಯೇ ಬರೆಯಲಾಗಿದೆ. ಈಜಿಪ್ಟಿನವರು ಶಾಖವನ್ನು ಮೈಯ ಅರಿವಿನಿಂದ ಊಹಿಸುತ್ತಿದ್ದರು. ಹದಿನೆಂಟನೆಯ ಶತಮಾನದ ಯೂರೋಪು ಅದನ್ನು ಉಷ್ಣಮಾಪಕದಿಂದ ಅಳೆಯಿತು. ಅಲ್ಲಿಗೆ ಕಲೆಯು ಶಾಸ್ತ್ರವಾಯಿತು ಎಂಬುದು ಆ ಕಥನದ ಧಾಟಿ. ಇದರಲ್ಲಿ ತೇವಕ್ಕೆ ಸ್ಥಾನವೇ ಇಲ್ಲ. ನಮ್ಮ ಭಾಷೆಯೂ ಈ ವಿಷಯದಲ್ಲಿ ಹೊರತಲ್ಲ: ಕೋಳಿ ಕೂರುವುದು ‘ಕಾವಿಗೆ’, ಆ ಮಾತಿನಲ್ಲಿ ಬಿಸಿಯುಂಟು, ಹಸಿಯಿಲ್ಲ. ತೇವದ ಪ್ರಶ್ನೆ ಇಷ್ಟು ತಡವಾಗಿ ತಲೆದೋರಿದುದೇಕೆ ಎಂಬುದನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಕೋಳಿಮೊಟ್ಟೆ ಮರಿಯಾಗಲು 21 ದಿನ ಬೇಕು. ಗಾಳಿಯಾಡುವ ಪೆಟ್ಟಿಗೆಯಲ್ಲಿ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿರಬೇಕು. ಸಾಪೇಕ್ಷ ಆರ್ದ್ರತೆ ಮೊದಲ 18 ದಿನ ಶೇಕಡಾ 50ರಿಂದ 60ರಷ್ಟಿದ್ದು, ಕೊನೆಯ ಮೂರು ದಿನ 65ರಿಂದ 70ಕ್ಕೆ ಏರಬೇಕು. ಮೊಟ್ಟೆಯ ಚಿಪ್ಪು ರಂಧ್ರಮಯವಾದುದರಿಂದ ಒಳಗಿನ ನೀರು ಆವಿಯಾಗಿ, ತೂಕದಲ್ಲಿ ಶೇಕಡಾ 12ರ ಆಸುಪಾಸು ಇಳಿಯುವುದು ಸಹಜವೂ ಅವಶ್ಯವೂ ಹೌದು. ಆವಿ ಸಾಕಷ್ಟು ಹೋಗದಿದ್ದರೆ ಗಾಳಿಯ ಗೂಡು ಕಿರಿದಾಗಿ, ಮರಿ ಚಿಪ್ಪೊಡೆಯುವ ವೇಳೆಗೆ ಉಸಿರು ಕಟ್ಟಿ ಸಾಯುತ್ತದೆ. ಅತಿಯಾಗಿ ಹೋದರೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ.

ಅರಿಸ್ಟಾಟಲನು ಪ್ರಾಣಿಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಈಜಿಪ್ಟಿನವರು ಮೊಟ್ಟೆಗಳನ್ನು ಸಗಣಿ ಗೊಬ್ಬರದಲ್ಲಿ ಹೂತು ಮರಿಮಾಡಿಸುವರೆಂದು ಹೇಳಿದ್ದಾನೆ. ಸಿರಾಕ್ಯೂಸಿನ ಕುಡುಕನೊಬ್ಬನು ಮೊಟ್ಟೆಗಳನ್ನು ಚಾಪೆಯ ಕೆಳಗಿಟ್ಟು, ಮರಿಗಳು ಹೊರಬರುವವರೆಗೂ ಕುಡಿಯುತ್ತ ಕುಳಿತನೆಂಬ ವಿನೋದದ ಕಥೆಯೂ ಅಲ್ಲೇ ಬರುತ್ತದೆ. ಕ್ರಿ. ಪೂ. ಒಂದನೆಯ ಶತಮಾನದ ಡಿಯೊಡೋರಸ್ ಈಜಿಪ್ಟಿನವರ ಈ ಕೌಶಲವನ್ನು ಹೊಗಳಿದ್ದಾನೆ. ಕ್ರಿ. ಶ. 1200ರ ಸುಮಾರಿಗೆ ಆ ದೇಶದಲ್ಲಿದ್ದ ಬಾಗ್ದಾದಿನ ವೈದ್ಯ ಅಬ್ದುಲ್ ಲತೀಫನು ಮರಿಮಾಡಿಸುವ ಮನೆಗಳನ್ನು ವಿವರವಾಗಿಯೇ ವರ್ಣಿಸಿದ್ದಾನೆ. ಈ ಮನೆಗಳಲ್ಲಿ ನಡುವೆ ಓಣಿ, ಎರಡು ಪಕ್ಕಗಳಲ್ಲಿ ಎರಡಂತಸ್ತಿನ ಕೋಣೆಗಳು. ಕೆಳಗೆ ಸಾವಿರಗಟ್ಟಲೆ ಮೊಟ್ಟೆಗಳು, ಮೇಲೆ ಬೆರಣಿಯ ಮಂದವಾದ ಬೆಂಕಿ. ಅವಧಿಯ ನಡುವಿನಲ್ಲಿ ಬೆಂಕಿಯನ್ನು ಆರಿಸಿ, ಮೊಟ್ಟೆಗಳ ಸ್ವಂತ ಶಾಖಕ್ಕೆ ಕೆಲಸವನ್ನು ಬಿಟ್ಟುಕೊಡುತ್ತಿದ್ದರು. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖದ ಹದವನ್ನು ತಿಳಿಯುತ್ತಿದ್ದರೆಂದು ಪ್ರವಾಸಿಗಳು ದಾಖಲಿಸಿದ್ದಾರೆ.

ತೇವದ ಮಾತು ಈ ವರ್ಣನೆಗಳಲ್ಲಿ ವಿರಳ. ಇದನ್ನು ಅಜ್ಞಾನವೆಂದು ತೀರ್ಮಾನಿಸುವುದು ನಮಗೆ ಸರಿದೋರುವುದಿಲ್ಲ. 50 ಗ್ರಾಮಿನ ಒಂದು ಮೊಟ್ಟೆ 21 ದಿನಗಳಲ್ಲಿ 6 ಗ್ರಾಮಿನಷ್ಟು ನೀರನ್ನು ಬಿಟ್ಟುಕೊಟ್ಟರೆ, ಸಾವಿರ ಮೊಟ್ಟೆಗಳಿಂದ ಕೋಣೆಯ ಗಾಳಿಗೆ 6 ಲೀಟರು ನೀರು ಸೇರುತ್ತದೆ. ದಪ್ಪ ಗೋಡೆಯ, ಕಿರಿಬಾಗಿಲಿನ ಕೋಣೆಯಲ್ಲಿ ಆ ತೇವ ಬೇಗನೆ ಹೊರಹೋಗಲಾರದು. ಮೊಟ್ಟೆಗಳ ರಾಶಿಯೇ ತನಗೆ ಬೇಕಾದ ಹಸಿಯನ್ನು ಒದಗಿಸಿಕೊಳ್ಳುತ್ತಿತ್ತೆಂದು ನಾವು ಊಹಿಸುತ್ತೇವೆ. ಕಟ್ಟಡವೇ ನಿರ್ವಹಿಸುತ್ತಿದ್ದ ಕೆಲಸಕ್ಕೆ ಪ್ರತ್ಯೇಕವಾದ ಹೆಸರು ಬೇಕಿರಲಿಲ್ಲ.

ಇದೇ ಕೆಲಸವನ್ನು ಮನೆಯೊಳಗಿನ ಸಣ್ಣ ಪಾತ್ರೆಗೆ ಇಳಿಸಿದೊಡನೆ ತೊಡಕು ಹೊರಬಿದ್ದಿತು. ಫ್ರಾನ್ಸಿನ ರೋಮ್ಯೂರನು (1683–1757) 1749ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥ ಇದಕ್ಕೆ ಸಾಕ್ಷಿ. ಈಜಿಪ್ಟು ಪಿರಮಿಡ್ಡುಗಳಿಗಿಂತ ಈ ಒಲೆಗಳ ವಿಷಯದಲ್ಲಿ ಹೆಚ್ಚು ಹೆಮ್ಮೆಪಡಬೇಕೆಂದು ಭಾವಿಸಿದ ಆತ, ಆ ಕಲೆಯನ್ನು ಸಾಮಾನ್ಯ ಗೃಹಸ್ಥರಿಗೆ ಎಟುಕಿಸಲು ಯತ್ನಿಸಿದನು. ಪೀಪಾಯಿಯನ್ನು ಹುದುಗುವ ಲದ್ದಿಯ ನಡುವೆ ಹೂತು, ಒಳಗೆ ಮೊಟ್ಟೆಗಳ ಬುಟ್ಟಿಗಳನ್ನು ಇಳಿಬಿಟ್ಟನು. ಶಾಖದ ಅಳತೆಗೆ ಆತನ ಬಳಿ 1730ರಿಂದ ಸ್ವಂತ ಉಷ್ಣಮಾಪಕವಿತ್ತು. ಗೊತ್ತುಪಡಿಸಿದ ಮಟ್ಟ 32 ಡಿಗ್ರಿ. (ಇದನ್ನು ನೇರವಾಗಿ 40 ಸೆಲ್ಸಿಯಸ್ ಎಂದು ಪರಿವರ್ತಿಸುವ ಪರಿಪಾಠವುಂಟು. ಆತನ ಮದ್ಯಸಾರದ ಮಾಪಕವೂ ಆತನ ಹೆಸರಿನಲ್ಲೇ ಮುಂದೆ ಬಳಕೆಗೆ ಬಂದ ಪಾದರಸದ ಮಾಪಕವೂ ಸರಿಹೊಂದುವುದಿಲ್ಲವಾದುದರಿಂದ ಈ ಲೆಕ್ಕ ಒಪ್ಪತಕ್ಕದ್ದಲ್ಲ.) ಮಾಪಕ ಕೊಳ್ಳಲಾರದವರಿಗೆ ಆತ ಹೇಳಿದ ಉಪಾಯ ಇನ್ನೂ ಸ್ವಾರಸ್ಯವಾದುದು: ಅಕ್ರೋಟಿನ ಗಾತ್ರದ ಬೆಣ್ಣೆಗೆ ಅದರ ಅರ್ಧದಷ್ಟು ಕೊಬ್ಬನ್ನು ಕರಗಿಸಿ ಬೆರೆಸಿ ಸೀಸೆಯಲ್ಲಿಡುವುದು. ಅದು ಗಟ್ಟಿಯಾಗಿಯೇ ಉಳಿದರೆ ಶಾಖ ಸಾಲದು, ಎಣ್ಣೆಯಂತಾದರೆ ಹೆಚ್ಚು, ಓರೆಮಾಡಿದಾಗ ಗಟ್ಟಿ ಪಾಕದಂತೆ ಹರಿದರೆ ಹದ.

ಇಷ್ಟಾದರೂ ಮೊದಲ ಪ್ರಯೋಗಗಳು ಕೆಟ್ಟವು. ಶಾಖ ಸರಿಯಿದ್ದರೂ ಭ್ರೂಣಗಳು ಸತ್ತವು. ಲದ್ದಿಯಿಂದೇಳುವ ತೇವದ ಆವಿಯೇ ಇದಕ್ಕೆ ಕಾರಣವೆಂದು ಕಂಡುಕೊಂಡ ರೋಮ್ಯೂರನು, ಪೀಪಾಯಿಯ ಒಳಮೈಗೆ ಗಾರೆ ಬಳಿಸಿ ಆ ಆವಿಯನ್ನು ತಡೆದನು. ನಮ್ಮ ಅಭಿಪ್ರಾಯದಲ್ಲಿ ಆತನ ಗ್ರಂಥದ ನಿಜವಾದ ಹೊಸತನ ಇಲ್ಲಿದೆ. ಶಾಖದ ವಿಷಯದಲ್ಲಿ ಮಾಪಕವು ರೆಪ್ಪೆಯ ತಿಳಿವನ್ನು ಸ್ಥಿರಪಡಿಸಿತಷ್ಟೆ. ತೇವವನ್ನಾದರೋ ಆತ ಅಳೆಯುವ ಸಾಧನವಿಲ್ಲದೆಯೇ, ಸತ್ತ ಮೊಟ್ಟೆಗಳ ಮೂಲಕ ಗುರುತಿಸಿದನು. ಜಿನೀವದ ಸೋಸ್ಯೂರನು ಕೂದಲಿನ ಆರ್ದ್ರತಾಮಾಪಕವನ್ನು ಕುರಿತು ಗ್ರಂಥ ಪ್ರಕಟಿಸಿದುದು 1783ರಲ್ಲಿ. ಅಷ್ಟು ಹೊತ್ತಿಗೆ ರೋಮ್ಯೂರನು ತೀರಿಕೊಂಡು 26 ವರ್ಷಗಳಾಗಿದ್ದವು.

ಆದರೆ ರೋಮ್ಯೂರನಿಗೆ ತೇವವು ಹೊರಗಟ್ಟಬೇಕಾದ ಶತ್ರು ಮಾತ್ರವಾಗಿತ್ತು. ಅದನ್ನು ಬೇಕೆಂದೇ ಒಳಗೆ ತರುವ ವ್ಯವಸ್ಥೆ ಹತ್ತೊಂಬತ್ತನೆಯ ಶತಮಾನದ ಪೆಟ್ಟಿಗೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲೆಂಡಿನ ಹಿಯರ್ಸನ್ 1881ರಲ್ಲಿ ರೂಪಿಸಿದ ಪೆಟ್ಟಿಗೆಯಲ್ಲಿ, ಬೇಗನೆ ಆವಿಯಾಗುವ ದ್ರವವನ್ನು ತುಂಬಿದ ಲೋಹದ ಬಿಲ್ಲೆಯೊಂದು ಶಾಖ ಏರಿದಾಗ ಉಬ್ಬಿ, ದೀಪದ ಬಿಸಿಯನ್ನು ಬೇರೆಡೆಗೆ ತಿರುಗಿಸುತ್ತಿತ್ತು. ಮೊಟ್ಟೆಗಳ ತಟ್ಟೆಯ ಕೆಳಗೆ ನೀರಿನ ತಟ್ಟೆ. ಅದರಲ್ಲಿ ಅದ್ದಿದ ಒರಟು ಬಟ್ಟೆ. ಹೊರಗಿನ ಗಾಳಿ ಆ ಒದ್ದೆ ಬಟ್ಟೆಯನ್ನು ಹಾದೇ ಮೊಟ್ಟೆಗಳನ್ನು ಮುಟ್ಟುವಂತೆ ಏರ್ಪಡಿಸಲಾಗಿತ್ತು.