ವಂಶಾವಳಿಯಿಂದ ವೈರಸ್ಸಿನ ಜೀನೋಮ್‌ವರೆಗೆ: ಸಾಗರ ಸೀಮೆಯ ಎರಡು ಕಾಯಿಲೆಗಳು ಮತ್ತು ಜೀನ್ ಓದುವ ವಿದ್ಯೆಯ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಮಲೆನಾಡು ತಾಲ್ಲೂಕುಗಳು ಆಧುನಿಕ ಜೀನ್‌ಶಾಸ್ತ್ರದ ಚರಿತ್ರೆಯಲ್ಲಿ ಎರಡು ಕಡೆ ಕಾಣಿಸಿಕೊಳ್ಳುತ್ತವೆ. ಮೊದಲನೆಯದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದಾಗ ಬೆಳಕಿಗೆ ಬಂದ ಮಂಗನ ಕಾಯಿಲೆ. ಎರಡನೆಯದು 1974–75ರ ಹೊತ್ತಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ವೈದ್ಯರ ಗಮನಕ್ಕೆ ಬಂದ ಕೀಲುಬೇನೆ. ಊರ ಹೆಸರೇ ಅದಕ್ಕೆ ಅಂಟಿಕೊಂಡು ಹಂದಿಗೋಡು ಕಾಯಿಲೆ ಎಂದಾಯಿತು. ಒಂದು ಉಣುಗಿನ ಕಡಿತದಿಂದ ಮೈಸೇರುವ ವೈರಸ್ಸಿನದು, ಇನ್ನೊಂದು ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವಂಥದ್ದು. ಮೊದಲನೆಯದನ್ನು ತಿಳಿಯಲು ಜೀನೋಮಿನ ಅನುಕ್ರಮ ಓದಬೇಕಾಯಿತು. ಎರಡನೆಯದಕ್ಕೆ ಬೇಕಾದ ವಿದ್ಯೆ ಜೀನ್‌ಗಳ ನಕ್ಷೆ ಬಿಡಿಸುವುದು.

ಈ ವಿದ್ಯೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕೇಂಬ್ರಿಜ್, ಬಾಸ್ಟನ್ನಿನ ಪ್ರಯೋಗಾಲಯಗಳಿಂದ ಶುರುಮಾಡಿ ಹೇಳುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಯಂತ್ರ ಎಷ್ಟೇ ಚುರುಕಾದರೂ, ಅದರ ಉತ್ತರದ ಬೆಲೆ ನಿರ್ಧಾರವಾದದ್ದು ಮನೆಮನೆಗೆ ಹೋಗಿ ಬರೆದುಕೊಂಡ ವಂಶಾವಳಿಗಳಿಂದ, ಕಾಡಿನಿಂದ ತಂದು ದಶಕಗಟ್ಟಲೆ ಕಾಪಾಡಿದ ಮಾದರಿಗಳಿಂದ. ಈ ಲೇಖನದ ವಾದ ಇಷ್ಟೇ.

ಹಂದಿಗೋಡು: ಏಡಿಯಿಂದ ಜೀನ್‌ಗೆ

ಹಂದಿಗೋಡಿನ ರೋಗಿಗಳಲ್ಲಿ ಸೊಂಟದ ಕೀಲು ಸವೆಯುತ್ತದೆ. ಮಂಡಿ, ಬೆನ್ನು ನೋಯುತ್ತವೆ. ಕೆಲವರು ಕೋಲೂರಿ ನಡೆಯುವ ಸ್ಥಿತಿಗೆ ಬರುತ್ತಾರೆ, ಕೆಲವರು ಗಿಡ್ಡರಾಗಿಯೇ ಉಳಿಯುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಆರ್.ವಿ. ಭಟ್ 1970ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿ 'ಮಲೆನಾಡಿನ ಕೌಟುಂಬಿಕ ಸಂಧಿವಾತ' ಎಂಬ ಅರ್ಥದ ಹೆಸರಿನಿಂದ ವರದಿ ಮಾಡಿದರು. ಅನುಮಾನ ಆಗ ಗದ್ದೆಯ ಕಡೆಗೂ ಹೋಗಿತ್ತು. ಹೊಸ ಭತ್ತದ ತಳಿಗಳ ಜೊತೆ ಕೀಟನಾಶಕ ಬಂದಿತ್ತು. ಬಾಧಿತರು ಬಡ ದಲಿತ ಕುಟುಂಬಗಳವರು, ಗದ್ದೆಯ ಏಡಿ, ಮೀನು ಹಿಡಿದು ತಿನ್ನುವವರು. ವಿಷ ಏಡಿಯ ಮೂಲಕ ಮೈಸೇರಿ ಮೂಳೆ ಕೆಡಿಸುತ್ತಿದೆ ಎಂಬ ಊಹೆ ಆ ಕಾಲಕ್ಕೆ ತೀರಾ ಸಹಜವಾದದ್ದು. ಒಂದೇ ಮನೆಯವರಿಗೆ ಕಾಯಿಲೆ ಬಂದಿದೆ ಎಂದಮಾತ್ರಕ್ಕೆ ಅದು ವಂಶದ್ದು ಎನ್ನಲಾಗದು, ಒಂದೇ ಮನೆಯವರು ಒಂದೇ ಸಾರು ಉಣ್ಣುತ್ತಾರೆ.

ಈ ಗಂಟು ಬಿಡಿಸಿದ್ದು ವಂಶಾವಳಿ. 1980ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ಎಸ್.ಎಸ್. ಅಗರ್ವಾಲ್ ಮತ್ತು ಸಂಗಡಿಗರು ಬಾಧಿತ ಕುಟುಂಬಗಳನ್ನು ವಿವರವಾಗಿ ಪರೀಕ್ಷಿಸಿದರು. ಕೆಲಸದ ಕ್ರಮ ಸರಳ, ಆದರೆ ಬೆವರಿಳಿಸುವಂಥದ್ದು. ಹಾಳೆಯ ಮೇಲೆ ಗಂಡಸಿಗೊಂದು ಚೌಕ, ಹೆಂಗಸಿಗೊಂದು ವೃತ್ತ. ಕಾಯಿಲೆ ಇದ್ದರೆ ಕಪ್ಪು ತುಂಬುವುದು, ಇಲ್ಲದಿದ್ದರೆ ಖಾಲಿ ಬಿಡುವುದು. ಗಂಡ ಹೆಂಡಿರ ನಡುವೆ ಅಡ್ಡಗೆರೆ, ಮಕ್ಕಳಿಗೆ ಇಳಿಗೆರೆ. ಹೀಗೆ ಅಜ್ಜ, ಮಗ, ಮೊಮ್ಮಗಳು ಎಂದು ತಲೆಮಾರುಗಳನ್ನು ಇಳಿಸುತ್ತ ಹೋಗಿ, ಬದುಕಿರುವ ಒಬ್ಬೊಬ್ಬರ ಸೊಂಟ, ಬೆನ್ನು, ಮಂಡಿಗಳ ಎಕ್ಸ್‌ರೇ ತೆಗೆಯಬೇಕು. ಕಪ್ಪು ಗುರುತುಗಳು ತಲೆಮಾರು ಬಿಡದೆ ಇಳಿಯುತ್ತಿದ್ದವು, ಗಂಡು ಹೆಣ್ಣೆಂಬ ಭೇದ ಇರಲಿಲ್ಲ. ಲಿಂಗ ವರ್ಣತಂತುವಿನಲ್ಲಿಲ್ಲದ, ಒಂದೇ ಪ್ರತಿ ಕೆಟ್ಟರೂ ಕಾಯಿಲೆ ತರುವ ಪ್ರಬಲ ಜೀನ್ ಒಂದರ ನಡೆ ಇದು. ಬಾಧಿತರ ಪ್ರತಿ ಮಗುವಿಗೂ ಅದು ಇಳಿಯುವ ಸಾಧ್ಯತೆ ಅರ್ಧದಷ್ಟು. 1994ರಲ್ಲಿ ಇದೇ ತಂಡ ಎಕ್ಸ್‌ರೇ ಅಧ್ಯಯನವನ್ನು ಪ್ರಕಟಿಸಿ, ಕಾಯಿಲೆಯನ್ನು ಬೆನ್ನುಮೂಳೆ ಮತ್ತು ಉದ್ದಮೂಳೆಗಳ ತುದಿಗಳು ಸರಿಯಾಗಿ ರೂಪುಗೊಳ್ಳದ ಬೇನೆಗಳ ಹೊಸ ಬಗೆಯೆಂದು ಗುರುತಿಸಿತು. 1997ರಲ್ಲಿ ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿನ ಇಂಥದೇ ಕೀಲುಬೇನೆಯೊಂದಿಗೆ ಅದನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರು.

ವಂಶಾವಳಿ ಸಿಕ್ಕಿದ ಮೇಲೆ ಜೀನ್ ಎಲ್ಲಿದೆ ಎಂದು ಹುಡುಕುವುದು ಹೇಗೆ? ಇದರ ಬೇರು ನೊಣದ ಬಾಟಲಿಗಳಲ್ಲಿದೆ. 1913ರಲ್ಲಿ ಆಲ್ಫ್ರೆಡ್ ಸ್ಟರ್ಟೆವಂಟ್ ಹಣ್ಣಿನ ನೊಣದ ಆರು ಲಕ್ಷಣಗಳನ್ನು ಒಂದೇ ವರ್ಣತಂತುವಿನ ಮೇಲೆ ಸಾಲಾಗಿ ಜೋಡಿಸಿ ಮೊದಲ ಜೀನ್ ನಕ್ಷೆ ಬಿಡಿಸಿದ. ವರ್ಣತಂತುಗಳ ಜೋಡಿ ಮೊಟ್ಟೆ ಅಥವಾ ವೀರ್ಯಕ್ಕೆ ಹೋಗುವ ಮುನ್ನ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತದೆ. ಹತ್ತಿರದ ಎರಡು ಜೀನ್‌ಗಳು ಹೆಚ್ಚಾಗಿ ಒಟ್ಟಿಗೇ ಇಳಿಯುತ್ತವೆ, ದೂರದವು ಬೇರಾಗುತ್ತವೆ. ಎಷ್ಟು ಸಲ ಬೇರಾದವು ಎಂಬ ಎಣಿಕೆಯೇ ದೂರದ ಅಳತೆ. ಮನುಷ್ಯರಲ್ಲಿ ಇಷ್ಟಬಂದಂತೆ ಸಂಕರ ಮಾಡುವಂತಿಲ್ಲವಾದ್ದರಿಂದ ಈ ಉಪಾಯ ಬಹುಕಾಲ ಕೈಗೆ ಸಿಗಲಿಲ್ಲ. 1980ರಲ್ಲಿ ಡೇವಿಡ್ ಬಾಟ್‌ಸ್ಟೈನ್ ಮತ್ತು ಮೂವರು ಸಂಗಡಿಗರು ದಾರಿ ತೋರಿದರು. ಡಿಎನ್‌ಎ ಕತ್ತರಿಸುವ ಕಿಣ್ವಗಳಿಂದ ಸಿಗುವ ತುಂಡುಗಳ ಉದ್ದ ಮನುಷ್ಯರಿಂದ ಮನುಷ್ಯರಿಗೆ ಬದಲಾಗುತ್ತದೆ. ಆ ವ್ಯತ್ಯಾಸಗಳನ್ನೇ ಮೈಲಿಗಲ್ಲುಗಳನ್ನಾಗಿ ವರ್ಣತಂತುಗಳ ಉದ್ದಕ್ಕೂ ನೆಟ್ಟು, ಯಾವ ಕಲ್ಲು ಕಾಯಿಲೆಯ ಜೊತೆಗೇ ಇಳಿಯುತ್ತದೆ ಎಂದು ಕುಟುಂಬಗಳಲ್ಲಿ ನೋಡಬಹುದು. 1983ರಲ್ಲಿ ಜೇಮ್ಸ್ ಗುಸೆಲ್ಲಾ ತಂಡ ಹಂಟಿಂಗ್ಟನ್ ಕಾಯಿಲೆಯ ನೆಲೆಯನ್ನು ನಾಲ್ಕನೆಯ ವರ್ಣತಂತುವಿನಲ್ಲಿ ಪತ್ತೆಹಚ್ಚಿದಾಗ ಅದರ ಬೆನ್ನಿಗಿದ್ದದ್ದು ವೆನೆಜುವೆಲಾದ ಮರಕೈಬೊ ಸರೋವರದ ದಡದ ಬೆಸ್ತರ ಕುಟುಂಬಗಳಿಂದ ನ್ಯಾನ್ಸಿ ವೆಕ್ಸ್ಲರ್ ಜೊತೆಗಾರರು ಸಂಗ್ರಹಿಸಿದ ರಕ್ತ ಮತ್ತು ವಂಶಾವಳಿ. ಅಷ್ಟಾದರೂ ಜೀನ್ ಕೈಗೆ ಸಿಕ್ಕಿದ್ದು ಇನ್ನೂ ಹತ್ತು ವರ್ಷ ಕಳೆದು, 1993ರಲ್ಲಿ.

ಮರಕೈಬೊದ ಪಕ್ಕದಲ್ಲಿ ಹಂದಿಗೋಡನ್ನಿಟ್ಟು ನೋಡುವುದು ಉಚಿತ ಎಂದು ನನ್ನ ಅಭಿಪ್ರಾಯ. ಎರಡೂ ಕಡೆ ಕಾಯಿಲೆ ಪ್ರಬಲ ಜೀನಿನದು, ಜನ ಬಡವರು, ಸಂಬಂಧಗಳು ಸುತ್ತಲಿನ ಊರುಗಳೊಳಗೇ ಬೆಳೆದವು. ಆದರೆ ಹಂದಿಗೋಡಿನ ಕಾಯಿಲೆ ಎಲ್ಲರಲ್ಲೂ ಒಂದೇ ರೂಪದ್ದಲ್ಲ. ಅಗರ್ವಾಲ್ ತಂಡ ಮೂರು ಬಗೆಗಳನ್ನು ಗುರುತಿಸಿತು: ಎತ್ತರ ಸರಿಯಿದ್ದು ಸೊಂಟ ಮಾತ್ರ ಸವೆದವರು, ಬೆನ್ನುಮೂಳೆಯೂ ಕೆಟ್ಟವರು, ತೀರಾ ಗಿಡ್ಡರಾದವರು. ನಕ್ಷೆ ಬಿಡಿಸುವವನಿಗೆ ಇದು ದೊಡ್ಡ ತೊಡಕು. ಇನ್ನೂ ನೋವು ಶುರುವಾಗದ ಹುಡುಗನ ಚೌಕವನ್ನು ಖಾಲಿ ಬಿಟ್ಟರೆ ಲೆಕ್ಕವೆಲ್ಲ ಅಡ್ಡದಾರಿ ಹಿಡಿಯುತ್ತದೆ. ಇದೇ ಗುಂಪಿನ ಬೇರೆ ಬೇನೆಗಳಲ್ಲಿ ಹನ್ನೆರಡನೆಯ ವರ್ಣತಂತುವಿನ ಎರಡನೆ ಬಗೆಯ ಕೊಲಾಜನ್ ಜೀನ್ ಕೆಟ್ಟಿರುವುದು ಗೊತ್ತಿರುವುದರಿಂದ, ಇಂಥ ಕಡೆ ಅಂಥ ಜೀನ್‌ಗಳನ್ನು ಮೊದಲು ಪರೀಕ್ಷಿಸುವುದು ಸಂಶೋಧಕರ ವಾಡಿಕೆ. ಇವತ್ತು ಇಡೀ ಜೀನೋಮನ್ನೇ ಓದುವ ಯಂತ್ರಗಳಿವೆ. ಆದರೂ ಮೂವತ್ತು ನಲವತ್ತು ವರ್ಷದ ಹಿಂದೆ ಸರಿಯಾಗಿ ತುಂಬಿದ ಕಪ್ಪು ಚೌಕಗಳಿಲ್ಲದೆ, ಲಕ್ಷಗಟ್ಟಲೆ ವ್ಯತ್ಯಾಸಗಳಲ್ಲಿ ಕಾಯಿಲೆಯದ್ದು ಯಾವುದೆಂದು ಬೇರ್ಪಡಿಸಲು ಆ ಯಂತ್ರಗಳಿಂದ ಆಗದು.

ಕ್ಯಾಸನೂರು: ನೆಂಟಸ್ತನದ ಹುಡುಕಾಟ

ಮಂಗಗಳ ಸಾವು ಕಂಡಾಗ ಹಳದಿ ಜ್ವರ ಭಾರತಕ್ಕೆ ಬಂದಿತೇ ಎಂಬ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ (1978ರಿಂದ ಅದು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ) ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಬಂದು ಮಂಗ, ಮನುಷ್ಯ, ಉಣುಗುಗಳಿಂದ ವೈರಸ್ ಬೇರ್ಪಡಿಸಿದರು. ಜೀನೋಮ್ ಓದುವ ವಿದ್ಯೆ ಆಗ ಇರಲಿಲ್ಲ. ವೈರಸ್ಸಿನ ನೆಂಟಸ್ತನ ತಿಳಿಯಲು ರಕ್ತದ ಪ್ರತಿಕಾಯಗಳೇ ಗತಿ: ಈ ವೈರಸ್ಸಿಗೆ ಹುಟ್ಟಿದ ಪ್ರತಿಕಾಯ ಯಾವ ಹಳೆಯ ವೈರಸ್ಸನ್ನು ಗುರುತಿಸುತ್ತದೆ ಎಂಬ ಪರೀಕ್ಷೆ. ಅದು ಬೆರಳು ತೋರಿಸಿದ್ದು ರಷ್ಯಾದ ವಸಂತ–ಬೇಸಿಗೆ ಮಿದುಳುಜ್ವರದ ವೈರಸ್ಸಿನ ಕಡೆಗೆ.

ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ? ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗುಗಳು ತಂದವೇ ಎಂಬ ಶಂಕೆ ಎದ್ದಿತು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕೈಗೊಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಗೆ ಈ ಶಂಕೆಯೂ ಒಂದು ಕಾರಣ. ಭಾರತದ ಹಕ್ಕಿಶಾಸ್ತ್ರ ಇಷ್ಟು ಬೆಳೆಯಲು ಮಲೆನಾಡಿನ ಜ್ವರವೂ ಕಾರಣವಾಯಿತು ಎಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಿಕೊಡಬೇಕು.

ಜೀನೋಮಿನ ಅಕ್ಷರಗಳನ್ನು ನೇರವಾಗಿ ಓದುವ ಕಾಲ ಬಂದದ್ದು 1977ರಲ್ಲಿ. ಫ್ರೆಡ್ರಿಕ್ ಸ್ಯಾಂಗರ್‌ನ ವಿಧಾನದಲ್ಲಿ ಒಂದೇ ಡಿಎನ್‌ಎ ಎಳೆಯನ್ನು ನಾಲ್ಕು ಕೊಳವೆಗಳಲ್ಲಿ ನಕಲಿಸುತ್ತಾರೆ. ಪ್ರತಿ ಕೊಳವೆಯಲ್ಲೂ ಒಂದೊಂದು ಅಕ್ಷರದ ಬಳಿ ನಕಲು ನಿಲ್ಲುವಂತೆ ಮಾಡುತ್ತಾರೆ. ಬೇರೆಬೇರೆ ಉದ್ದದ ತುಂಡುಗಳನ್ನು ತೆಳು ಜೆಲ್‌ನಲ್ಲಿ ಓಡಿಸಿದರೆ ಎಕ್ಸ್‌ರೇ ಫಿಲ್ಮಿನ ಮೇಲೆ ನಾಲ್ಕು ಸಾಲುಗಳಲ್ಲಿ ಕಪ್ಪು ಪಟ್ಟಿಗಳು ಮೂಡುತ್ತವೆ. ಕೆಳಗಿನಿಂದ ಮೇಲಕ್ಕೆ, ಯಾವ ಸಾಲಿನಲ್ಲಿ ಪಟ್ಟಿ ಇದೆ ಎಂದು ನೋಡುತ್ತ ಅಕ್ಷರ ಬರೆದುಕೊಳ್ಳಬೇಕು. ಮಂಗನ ಕಾಯಿಲೆಯ ವೈರಸ್ ಆರ್‌ಎನ್‌ಎಯದ್ದಾದ್ದರಿಂದ ಮೊದಲು ಅದನ್ನು ಡಿಎನ್‌ಎಗೆ ತಿರುಗಿಸಬೇಕು. 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಕಂಡುಹಿಡಿದ ಕಿಣ್ವ ಅದಕ್ಕೆ ನೆರವಾಯಿತು. ಇದೇ ಕುಲದ ಹಳದಿ ಜ್ವರದ ವೈರಸ್ಸನ್ನು 1985ರಲ್ಲಿ ಪೂರ್ತಿ ಓದಿದರು. ಕ್ಯಾಸನೂರು ವೈರಸ್ಸಿನ ಹೊರಕವಚದ ಜೀನ್‌ಗಳನ್ನು 1994ರಲ್ಲಿ ಕೆ. ವೇಣುಗೋಪಾಲ್ ಮತ್ತು ಸಂಗಡಿಗರು ಓದಿ, ಇದು ರಷ್ಯಾದ ವೈರಸ್ಸಿನ ತದ್ರೂಪವಲ್ಲ, ಅದೇ ಗುಂಪಿನೊಳಗಿನ ಪ್ರತ್ಯೇಕ ಸದಸ್ಯ ಎಂದು ತೋರಿಸಿದರು. ಇಡೀ ಜೀನೋಮ್ 10,774 ಅಕ್ಷರಗಳದ್ದು. ಅದರಿಂದ ಒಂದೇ ಉದ್ದನೆಯ ಪ್ರೋಟೀನು ಹುಟ್ಟಿ ಮುಂದೆ ಹತ್ತಾಗಿ ತುಂಡಾಗುತ್ತದೆ.

ಅಷ್ಟರಲ್ಲಿ 1990ರ ದಶಕದ ನಡುವೆ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಎಂಬ ರಕ್ತಸ್ರಾವದ ಜ್ವರ ಕಾಣಿಸಿಕೊಂಡಿತು. ಮೊದಲ ರೋಗಿಗಳಲ್ಲಿ ಕಸಾಯಿ ವೃತ್ತಿಯವರಿದ್ದರು. ಅದರ ವೈರಸ್ ಓದಿದಾಗ ಕ್ಯಾಸನೂರಿನದರೊಂದಿಗೆ ಅಕ್ಷರಗಳು ನೂರಕ್ಕೆ ಸುಮಾರು 89ರಷ್ಟು ಹೊಂದಿದವು. ಅರಬ್ಬೀ ಸಮುದ್ರದ ಆಚೆಗಿನ ವೈರಸ್ಸೇ ನಮ್ಮದರ ಅತಿ ಹತ್ತಿರದ ನೆಂಟ ಎಂದಾಯಿತು.

ಇವೆರಡೂ ಕವಲೊಡೆದದ್ದು ಯಾವಾಗ? ಚರಿತ್ರಕಾರರು ಹೆಚ್ಚು ನಿಲ್ಲಬೇಕಾದ ಜಾಗ ಇದು. 2009ರಲ್ಲಿ ರಾಜೀವ್ ಮೆಹ್ಲಾ ಮತ್ತು ಸಂಗಡಿಗರು ಪುಣೆಯ ಸಂಗ್ರಹದಲ್ಲಿದ್ದ, 1957ರಿಂದ 2006ರವರೆಗಿನ 48 ವೈರಸ್‌ಗಳ ಜೀನ್ ತುಣುಕುಗಳನ್ನು ಓದಿದರು. ಮಾದರಿಗಳ ವರ್ಷ ಗೊತ್ತಿರುವುದರಿಂದ ವರ್ಷಕ್ಕೆ ಎಷ್ಟು ಅಕ್ಷರ ಬದಲಾಗುತ್ತದೆ ಎಂದು ಅಂದಾಜಿಸಿ ಹಿಂದಕ್ಕೆ ಎಣಿಸಬಹುದು. ಅವರಿಗೆ ಸಿಕ್ಕ ಉತ್ತರ ಸುಮಾರು 1942. ಕಾಯಿಲೆ 1957ರಲ್ಲಿ ಕಂಡಾಗ ಅದು ನಿಜಕ್ಕೂ ಹೊಸದಾಗಿತ್ತು ಎಂಬ ಮಾತಿಗೆ ಇದು ಬಲ ಕೊಟ್ಟಿತು. ಅಷ್ಟು ದೂರ ಒಯ್ದದ್ದು ಹಕ್ಕಿಗಳಿರಬಹುದು ಎಂಬ ಸಲೀಂ ಅಲಿಯವರ ಕಾಲದ ಶಂಕೆಯೂ ಮತ್ತೆ ಎದ್ದಿತು. ಎರಡೇ ವರ್ಷದಲ್ಲಿ, 2011ರಲ್ಲಿ, ಕಿಂಬರ್ಲಿ ಡಾಡ್ ಮತ್ತು ಸಂಗಡಿಗರು ತುಣುಕುಗಳ ಬದಲು ಪೂರ್ತಿ ಜೀನೋಮ್‌ಗಳನ್ನು, ಅದರಲ್ಲೂ ಉಣುಗು ಮತ್ತು ಪ್ರಾಣಿಗಳಿಂದ ಬಂದ ಅಲ್ಖುರ್ಮಾ ವೈರಸ್‌ಗಳನ್ನು ಸೇರಿಸಿ ಎಣಿಸಿದಾಗ ಕವಲು ಸುಮಾರು ಏಳು ನೂರು ವರ್ಷ ಹಿಂದಕ್ಕೆ ಸರಿಯಿತು. ಹದಿನಾಲ್ಕನೆಯ ಶತಮಾನಕ್ಕೂ 1942ಕ್ಕೂ ಎಷ್ಟು ಅಂತರ! ಡಾಡ್ ತಂಡದ ಎಣಿಕೆಗೇ ನನ್ನ ಒಲವು. ಉಣುಗು ವರ್ಷದ ಬಹುಭಾಗ ದರಗಿನಡಿ ಹಸಿದು ಕಾಯುವ ಜೀವಿ. ಅದರೊಳಗಿನ ವೈರಸ್ ಸೊಳ್ಳೆಯಲ್ಲಿನ ವೈರಸ್ಸಿನ ವೇಗದಲ್ಲಿ ಬದಲಾಗಿರಲಾರದು. ಕಾಯಿಲೆ ಹೊಸದು, ವೈರಸ್ ಹಳೆಯದು ಎನ್ನುವುದೇ ಹೆಚ್ಚು ಸರಿ. ಹಾಗಾದರೆ 1950ರ ದಶಕದ ಮಲೆನಾಡಿನ ಕಾಡಿನಲ್ಲಿ, ದನ ಮೇಯಿಸುವುದರಲ್ಲಿ, ಕಾಡು ಕಡಿದು ಸಾಗುವಳಿ ಮಾಡುವುದರಲ್ಲಿ ಏನು ಬದಲಾಯಿತು ಎಂದು ಹುಡುಕುವ ಕೆಲಸ ಇತಿಹಾಸಕಾರರ ಪಾಲಿಗೆ ಬರುತ್ತದೆ.

ಅನುಕ್ರಮ ತಪ್ಪುದಾರಿಗೂ ಎಳೆಯಬಲ್ಲದು. 1989ರಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ರೋಗಿಯೊಬ್ಬರಿಂದ ಬೇರ್ಪಡಿಸಿದ ನಾಂಜಿಯನ್‌ಯಿನ್ ವೈರಸ್ಸನ್ನು 2009ರಲ್ಲಿ ವರದಿ ಮಾಡಿದಾಗ ಅದು 1957ರ ಮೂಲ ಮಾದರಿ ಪಿ9605ರ ಹೆಚ್ಚುಕಡಿಮೆ ಪಡಿಯಚ್ಚಾಗಿತ್ತು. ಮೂರು ದಶಕ ಕಾಡಿನಲ್ಲಿ ಸುತ್ತಿದ ವೈರಸ್ ಹಾಗಿರುವುದು ಕಷ್ಟ. ಪ್ರಯೋಗಾಲಯದಲ್ಲಿ ಬೆರಕೆಯಾಗಿರಬಹುದೆಂಬ ಸಂದೇಹ ಸಹಜವಾಗಿಯೇ ಇದೆ.

ಪರೀಕ್ಷೆ, ಹರಡುವಿಕೆ, ಲಸಿಕೆ

ಇಷ್ಟೆಲ್ಲ ಓದಿದ್ದರಿಂದ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ತೋಟಕ್ಕೆ ಸೊಪ್ಪು ತರಲು ಹೋಗುವವರಿಗೆ, ಕೊಟ್ಟಿಗೆಗೆ ದರಗು ಗುಡಿಸಿ ತರುವ ಹೆಂಗಸರಿಗೆ ಏನು ಸಿಕ್ಕಿತು? ಮೊದಲು ಸಿಕ್ಕಿದ್ದು ವೇಗ. ಹಿಂದೆ ರೋಗಿಯ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವುದನ್ನು ದಿನಗಟ್ಟಲೆ ಕಾಯಬೇಕಿತ್ತು. 2012ರಲ್ಲಿ ಪುಣೆಯ ಡಿ.ಟಿ. ಮೌರ್ಯ ತಂಡ ಪ್ರಕಟಿಸಿದ ಆರ್‌ಟಿ–ಪಿಸಿಆರ್ ಪರೀಕ್ಷೆಗಳು ಜ್ವರದ ಮೊದಲ ದಿನಗಳಲ್ಲೇ ವೈರಸ್ಸಿನ ಜೀನ್ ತುಣುಕನ್ನು ಹಿಡಿಯುತ್ತವೆ. ಅದೇ ವರ್ಷದ ಕೊನೆಗೆ ಪುಣೆಯಲ್ಲಿ ಅತಿ ಹೆಚ್ಚಿನ ಸುರಕ್ಷತೆಯ ನಾಲ್ಕನೆ ಹಂತದ ಪ್ರಯೋಗಾಲಯ ಆರಂಭವಾಯಿತು.

ನಂತರ ಸಿಕ್ಕಿದ್ದು ಹರಡುವಿಕೆಯ ನಕ್ಷೆ. 2012ರಲ್ಲಿ ಬಂಡೀಪುರ, ಆಮೇಲೆ ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗ ಎಂದು ಕಾಯಿಲೆ ಘಟ್ಟದುದ್ದಕ್ಕೂ ಕಾಣಿಸಿತು. ಪ್ರಜ್ಞಾ ಯಾದವ್ ಮತ್ತು ಸಂಗಡಿಗರು 1957ರಿಂದ 2017ರವರೆಗಿನ ವೈರಸ್‌ಗಳ ಅನುಕ್ರಮಗಳನ್ನು ಊರು, ವರ್ಷಗಳೊಂದಿಗೆ ಜೋಡಿಸಿ 2020ರಲ್ಲಿ ಅದರ ಪಯಣವನ್ನು ಗುರುತಿಸಿದರು. 2018ರ ಕೊನೆಗೆ ಶರಾವತಿ ಹಿನ್ನೀರಿನ ಸೀಮೆಯ ಅರಳಗೋಡಿನಲ್ಲಿ ಕಾಯಿಲೆ ಎದ್ದು ಹಲವರು ಸತ್ತಾಗ ಸಾಗರ ಮತ್ತೆ ಸುದ್ದಿಯಾಯಿತು.

ಲಸಿಕೆಯ ವಿಷಯದಲ್ಲಿ ಅನುಕ್ರಮಗಳ ಮಾತನ್ನು ಜನ ಇನ್ನೂ ಸರಿಯಾಗಿ ಕೇಳಿಲ್ಲ. ಕೋಳಿಯ ಭ್ರೂಣಕೋಶದಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್‌ನಿಂದ ಸಾಯಿಸಿದ ಲಸಿಕೆ 1990ರಿಂದ ಬಳಕೆಯಲ್ಲಿತ್ತು. ಅದರ ಬಲ ಸಾಲದೆಂದು 2022ರಲ್ಲಿ ಬಳಕೆ ನಿಂತಿತು. ವೈರಸ್ ರೂಪ ಬದಲಿಸಿದ್ದರಿಂದಲೇ ಲಸಿಕೆ ಸೋತಿತು ಎಂಬ ಮಾತು ಹಳ್ಳಿಗಳಲ್ಲೂ ಕೇಳುತ್ತದೆ. ಮೆಹ್ಲಾ ತಂಡ ಓದಿದ ಅರ್ಧ ಶತಮಾನದ 48 ವೈರಸ್‌ಗಳ ನಡುವಿನ ವ್ಯತ್ಯಾಸ ನೂರಕ್ಕೆ 1.2 ಮಾತ್ರ. ಇಷ್ಟು ಕಡಿಮೆ ಬದಲಾವಣೆಯ ಮೇಲೆ ಇಡೀ ಸೋಲಿನ ಹೊರೆ ಹೊರಿಸುವುದು ಕಷ್ಟ. ಲಸಿಕೆಯ ತಯಾರಿ, ಪ್ರತಿ ಕಂತಿನ ಬಲ, ಕಾಲಕಾಲಕ್ಕೆ ಕೊಡಬೇಕಾದ ಹೆಚ್ಚುವರಿ ಡೋಸುಗಳು ತಪ್ಪಿಹೋದದ್ದು, ಇವುಗಳ ಕಡೆ ಮೊದಲು ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈಗ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಯ ಕೆಲಸ ಕೈಗೊಂಡಿದೆ. ಅದು ಯಾವ ಮಾದರಿಯಿಂದ ತಯಾರಾಗುತ್ತದೆ, ಅರಳಗೋಡು, ತೀರ್ಥಹಳ್ಳಿ ಕಡೆಯ ಇತ್ತೀಚಿನ ವೈರಸ್‌ಗಳ ಹೊರಕವಚಕ್ಕೂ ಅದಕ್ಕೂ ಎಷ್ಟು ಹೊಂದಿಕೆಯಿದೆ ಎಂಬ ಕೋಷ್ಟಕವನ್ನು ಲಸಿಕೆಯ ಜೊತೆಗೇ ಜಿಲ್ಲೆಯ ವೈದ್ಯರ ಕೈಗೂ ಪಂಚಾಯಿತಿಗಳ ಕೈಗೂ ಕೊಡಬೇಕು.